ಸೀಮೆಸುಣ್ಣ ಮುಟ್ಟಬಾರದೆಂಬ ನಿಯಮ

ಕೆಲ್ವಾಯ್ ದ್ವೀಪ, ಚಿಲೋಯೆ
ಭಾನುವಾರ, 22 ನವೆಂಬರ್ 1998

ಪ್ರೀತಿಯ ಮಗಳು ನೋಲ್ವಿಯಾಗೆ,

ನಿನ್ನ ಮದ್ರೀನಾಳ ಮನಸಾರೆ ಆಶೀರ್ವಾದ. ಹೆತ್ತವಳಲ್ಲದಿದ್ದರೂ ಜ್ಞಾನಸ್ನಾನದ ದಿನ ನಿನ್ನನ್ನು ತೋಳಲ್ಲಿ ಹಿಡಿದು ನಿಂತವಳು ನಾನು, ಆ ಹಕ್ಕಿನಿಂದ ಮಗಳೇ ಎನ್ನುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಪೋರ್ತೊ ಮೊಂತ್‌ನಲ್ಲಿ ನೀನೂ ನಿನ್ನ ಚಿಕ್ಕಮ್ಮನೂ ಆರೋಗ್ಯವಾಗಿದ್ದೀರಿ ಎಂದು ನಿನ್ನ ಅಮ್ಮ ಕ್ಲೆಮಿರಾ ಹೇಳಿದಳು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೀಯಂತೆ. ಕೈಗವಸು ಹಾಕಿಕೊಂಡೇ ಕೆಲಸ ಮಾಡು, ಉಪ್ಪುನೀರಿಗೆ ನಿನ್ನ ಬೆರಳು ಬೇಗ ಒಡೆಯುತ್ತದೆ.

ನಿನ್ನ ಪತ್ರ ಅಕ್ಟೋಬರ್ ಮೊದಲ ವಾರವೇ ಬಂದಿತ್ತು. ಎರಡೇ ಸಾಲು ಬರೆದಿದ್ದೆ, ನಾನು ಅದಕ್ಕೆ ಉತ್ತರಿಸಲು ಏಳು ವಾರ ತೆಗೆದುಕೊಂಡೆ. ಕ್ಷಮಿಸು. ಬಿರುಗಾಳಿಗೆ ಎರಡು ಸಲ ಬಂದರನ್ನು ಮುಚ್ಚಿದರು. ಆಮೇಲೆ ಸೆಗುಂದೊನ ದೋಣಿಯ ಎಂಜಿನ್ ಕೆಟ್ಟಿತು, ಟಪಾಲು ಚೀಲ ಅವನ ಮನೆಯಲ್ಲೇ ಬಿದ್ದಿತ್ತು. ಅದರ ಮೇಲೆ ನನ್ನ ಬಲ ಮಣಿಕಟ್ಟು ಬೇರೆ ನೋಯುತ್ತಿತ್ತು. ಒಟ್ಟಿನಲ್ಲಿ ಇವತ್ತು ಕೂತಿದ್ದೇನೆ. ಒಲೆ ಉರಿಯುತ್ತಿದೆ, ಮಧ್ಯಾಹ್ನದ ಬಿಸಿಲಿದೆ, ಎದ್ದು ಹೋಗಲು ಯಾವ ನೆಪವೂ ಇಲ್ಲ.

ಮೊದಲು ಶಾಲೆಯ ಸುದ್ದಿ ಹೇಳುತ್ತೇನೆ. ನೀನು ರಜೆ ಹಾಕಿ ಹೋದ ಮರುದಿನದಿಂದ ನಿನ್ನ ಜಾಗದಲ್ಲಿ ನಾನೇ ಪಾಠ ಮಾಡುತ್ತಿದ್ದೇನೆ. ಶಾಲೆಯ ಹಿಂದಿನ ನಿನ್ನ ಕೋಣೆಯಲ್ಲೇ ಮಲಗುತ್ತೇನೆ, ಹೊಗೆ ಕಕ್ಕುವ ನಿನ್ನ ಒಲೆಗೇ ಬೈಯುತ್ತೇನೆ. ಒಂಬತ್ತು ಮಕ್ಕಳೂ ಇದ್ದಾರೆ, ಯಾರೂ ಬಿಟ್ಟುಹೋಗಿಲ್ಲ. ಒಂದನೇ ತರಗತಿಯ ಅವಳಿಗಳು ಓದಲು ಕಲಿತರು. ಕಲಿತದ್ದೇ ತಡ, ಅಂಗಡಿಯ ಸಕ್ಕರೆ ಚೀಲದಿಂದ ಹಿಡಿದು ಸಮಾಧಿಕಲ್ಲಿನವರೆಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಊರಿಗೇ ತಲೆನೋವಾಗಿದ್ದಾರೆ. ಆರನೆಯ ತರಗತಿಯ ಯೆನಿಫೆರ್ ಮಾರ್ಚ್‌ನಲ್ಲಿ ವಸತಿಶಾಲೆಗೆ ಹೋಗಲು ಒಪ್ಪಿದ್ದಾಳೆ. ಮೂರನೆಯ ತರಗತಿಯ ರೋಸೆಂದಾ ಮಾತ್ರ ನೀನು ಬಿಟ್ಟುಹೋದ ಹಾಗೆಯೇ ಇದ್ದಾಳೆ. ಬಾಯಿ ಬಿಡುವುದಿಲ್ಲ, ಕಣ್ಣು ಮಾತ್ರ ಎಲ್ಲ ಕಡೆ. ಅವಳ ಬಗ್ಗೆ ಮುಂದೆ ಬರೆಯುವುದಿದೆ.

ಈಗ ಮುಖ್ಯ ವಿಷಯ. ನಿನ್ನ ಮೂರು ತಿಂಗಳ ವೈದ್ಯಕೀಯ ರಜೆ ಡಿಸೆಂಬರ್ 4ರ ಶುಕ್ರವಾರ ಮುಗಿಯುತ್ತದೆ. ಮಾರ್ಚ್‌ನಿಂದ ಮತ್ತೆ ಬರುತ್ತೇನೆ ಎಂದು ನೀನು ಸಹಿ ಮಾಡಿದ ಕಾಗದ ಅಷ್ಟರೊಳಗೆ ಶಿಕ್ಷಣ ಕಚೇರಿಗೆ ಮುಟ್ಟದಿದ್ದರೆ ನೀನು ಕೆಲಸ ಬಿಟ್ಟೆ ಎಂದೇ ಲೆಕ್ಕ, ನಿನ್ನ ಜಾಗ ಬೇರೆಯವರಿಗೆ ಹೋಗುತ್ತದೆ. ಆ ಕಾಗದ ಇದೇ ಲಕೋಟೆಯಲ್ಲಿದೆ. ಸಹಿ ಹಾಕುವ ಮುಂಚೆ, ಹಾಕುವುದಿಲ್ಲ ಎಂದುಕೊಳ್ಳುವ ಮುಂಚೆಯೂ, ನಾನು ಬರೆಯುವುದನ್ನು ಪೂರ್ತಿ ಓದು. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಬೇಸರಪಡಬೇಡ. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಒಂದೇ ಮಾತನ್ನು ಎರಡು ಸಲ ಹೇಳುವ ಚಾಳಿ ಹೋಗುವುದಿಲ್ಲ.

ಈ ದ್ವೀಪಗಳ ಏಕೋಪಾಧ್ಯಾಯ ಶಾಲೆಗಳವರು ತಿಂಗಳಿಗೊಂದು ಶುಕ್ರವಾರ ಒಂದೊಂದು ಶಾಲೆಯಲ್ಲಿ ಸೇರುವ ಪದ್ಧತಿ ಶುರುವಾದದ್ದು ಆರು ವರ್ಷದ ಹಿಂದೆ. ಅದಕ್ಕೆ ಮುಂಚೆ ನಾವು ಒಬ್ಬರಿಗೊಬ್ಬರು ಕಾಣುತ್ತಿದ್ದದ್ದು ಸಂಬಳದ ಸಾಲಿನಲ್ಲಿ ಮಾತ್ರ. ಒಂದೇ ಕೋಣೆಯಲ್ಲಿ ಆರು ತರಗತಿ, ಸಂಶಯ ಬಂದರೆ ಕೇಳಲು ಸಮುದ್ರವೊಂದೇ. ಮೊದಲ ಸಭೆಯಲ್ಲೇ ನಡವಳಿ ಪುಸ್ತಕದ ಮೊದಲ ಪುಟದಲ್ಲಿ ಎರಡು ನಿಯಮ ಬರೆದೆವು. ಆತಿಥ್ಯ ವಹಿಸಿದ ಶಾಲೆಯ ಶಿಕ್ಷಕರು ತಮ್ಮ ಮಕ್ಕಳಿಗೆ ಒಂದು ಪಾಠ ಮಾಡಬೇಕು, ಬಂದವರು ಮಕ್ಕಳ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಬೇಕು. ಬಂದವರು ಯಾರೂ, ಯಾವ ಕಾರಣಕ್ಕೂ, ಸೀಮೆಸುಣ್ಣ ಮುಟ್ಟಬಾರದು. ಎರಡನೆಯದನ್ನು ಹಟ ಹಿಡಿದು ಸೇರಿಸಿದವರು ಎಲಾದಿಯೊ ಮೇಷ್ಟ್ರು. ಬರೆದದ್ದು ನಾನು, ನನ್ನ ಅಕ್ಷರ ದುಂಡಗಿದೆ ಎಂದು.

ಎಲಾದಿಯೊ ಮೇಷ್ಟ್ರ ಹೆಸರು ಬಂದಾಗ ಜುಲೈ ತಿಂಗಳ ತರಬೇತಿ ನೆನಪಾಯಿತು. ರಾಜಧಾನಿಯಿಂದ ಬಂದಿದ್ದ ಆ ಮಹಾಶಯರು ಗೋಡೆಯ ಮೇಲೆ ಚಿತ್ರ ಬಿಡುತ್ತಾ, ಪ್ರತಿ ತರಗತಿಯನ್ನೂ ಐದೈದು ಮಕ್ಕಳ ಗುಂಪು ಮಾಡಬೇಕು ಎಂದು ಮೂರು ಗಂಟೆ ಹೇಳಿದರಲ್ಲ. ಎಲಾದಿಯೊ ಮೇಷ್ಟ್ರು ಕೈ ಎತ್ತಿ, "ಸಾರ್, ನನ್ನ ಐದನೇ ಕ್ಲಾಸಲ್ಲಿ ಒಬ್ನೇ ಇರೋದು. ಅವನನ್ನ ಐದು ತುಂಡು ಮಾಡ್ಲಾ?" ಎಂದು ಕೇಳಿದಾಗ ನೀನು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿದೆ. ಎಷ್ಟೋ ವರ್ಷದ ಮೇಲೆ, ಮಾರ್ಚ್‌ನಲ್ಲಷ್ಟೇ ಕೆಲಸಕ್ಕೆ ಸೇರಿದ ನಿನ್ನಿಂದ ನಮ್ಮ ಸಭೆಗೆ ಹೊಸ ಜೀವ ಬಂತು ಎಂದು ನನಗೆ ಆ ದಿನ ಅನ್ನಿಸಿತ್ತು. ಆ ಸಂತೋಷದ ಆರೇ ವಾರದೊಳಗೆ ನಾನೇ ಅದನ್ನು ಹಾಳು ಮಾಡಿದೆ.

ಆಗಸ್ಟ್ 28ರಂದು ಸಭೆ ನಿನ್ನ ಶಾಲೆಯಲ್ಲಿತ್ತು. ಕಚೇರಿಯ ಮೇಲ್ವಿಚಾರಕರೂ ಬಂದಿದ್ದರು. ನೀನು ಆಲೂಗಡ್ಡೆ ಅಳೆಯುವ ಮರದ ಕೊಳಗವನ್ನು ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಬುಟ್ಟಿ ತುಂಬ ಕೆಂಪು, ನೀಲಿ ಗಡ್ಡೆಗಳು. "ಒಂದೂವರೆ ಕೊಳಗ ಇದೆ. ಮೂರು ಮನೆಗೆ ಸಮ ಹಂಚಬೇಕು. ಒಂದು ಮನೆಗೆ ಎಷ್ಟು?" ಎಂದು ಕೇಳಿದೆ. ಕೇಳಿ, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಮಕ್ಕಳೂ ಸುಮ್ಮನೆ. ಶಾಲೆಗಳ ಮಾರ್ಗದರ್ಶಿಯೆಂದು ಬಂದಿದ್ದ ನಾನು ರೋಸೆಂದಾಳ ಪಕ್ಕ, ಮೊಣಕಾಲು ಗದ್ದಕ್ಕೆ ತಗಲುವ ಆ ಬೆಂಚಿನಲ್ಲಿ ಕೂತಿದ್ದೆ. ಒಂದು ನಿಮಿಷ ಹೋಯಿತು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಇನ್ನೊಂದು ನಿಮಿಷ ಹೋಯಿತು. ನಿನ್ನ ಕುತ್ತಿಗೆ ಕೆಂಪಾಗುತ್ತಿತ್ತು, ಆದರೂ ನೀನು ಬಾಯಿ ಬಿಡಲಿಲ್ಲ. ನಾನು ಎದ್ದೆ. ನಾಲ್ಕು ಹೆಜ್ಜೆ ನಡೆದು ನಿನ್ನ ಬೆರಳುಗಳ ನಡುವಿನಿಂದ ಸೀಮೆಸುಣ್ಣ ತೆಗೆದುಕೊಂಡೆ. "ನೋಡಿ ಮಕ್ಕಳೇ," ಎಂದೆ.

ಬೋರ್ಡಿನ ಮೇಲೆ ಕೊಳಗ ಬರೆದೆ, ಅಡ್ಡ ಗೆರೆ ಎಳೆದೆ, ಅರ್ಧ ಉತ್ತರ ನಾನೇ ಹೇಳಿದೆ, ಉಳಿದರ್ಧ ಮಕ್ಕಳು ಒಕ್ಕೊರಲಿನಿಂದ ಕೂಗಿದರು. ಮೇಲ್ವಿಚಾರಕರು ಚಪ್ಪಾಳೆ ತಟ್ಟಿದರು. ಆಮೇಲೆ ನಿನ್ನ ಅಮ್ಮ ಕಳಿಸಿದ್ದ ಮಿಲ್ಕಾವೊ ರೊಟ್ಟಿ ಎಲ್ಲರೂ ತಿಂದರು, ಎಲೆ ಕಷಾಯ ತುಂಬಿದ ಸೋರೆ ಬುರುಡೆ ಕೈಯಿಂದ ಕೈಗೆ ಹೋಯಿತು. ನಿನ್ನ ಸರದಿ ಬಂದಾಗ ನೀನು ಕುಡಿಯದೆ ಮುಂದಕ್ಕೆ ಕೊಟ್ಟದ್ದನ್ನು ನಾನು ನೋಡಿದೆ. ನೋಡಿಯೂ, ನಿನಗೆ ಸಹಾಯ ಮಾಡಿದೆ ಅಂದುಕೊಂಡೇ ದೋಣಿ ಹತ್ತಿದೆ.

ಸೋಮವಾರ ನೀನು ಲೆಕ್ಕದ ಪುಸ್ತಕ ತೆಗೆದಾಗ ಅವಳಿಗಳಲ್ಲಿ ಒಬ್ಬ, "ದೊಡ್ಡ ಟೀಚರ್ ಯಾವಾಗ ಬರ್ತಾರೆ?" ಎಂದು ಕೇಳಿದನಂತೆ. ಇದನ್ನು ಕ್ಲೆಮಿರಾ ನನಗೆ ಹೇಳಿದ್ದು ನೀನು ಹೋದ ಮೇಲೆ. ಸೆಪ್ಟೆಂಬರ್ ಮೊದಲ ಭಾನುವಾರ ದೋಣಿಕಟ್ಟೆಯಲ್ಲಿ ಚೀಲ ಹಿಡಿದು ನಿಂತು ನೀನು ಹೇಳಿದ ಮಾತು ನೆನಪಿದೆ: "ನಂಗೆ ಪಾಠ ಮಾಡೋಕೆ ಬರಲ್ಲ ಅಂತ ನಂಗೊಬ್ಬಳಿಗೇ ಗೊತ್ತಿತ್ತು ಮದ್ರೀನಾ. ಈಗ ಎಲ್ರಿಗೂ ಗೊತ್ತಾಯ್ತು." ನಾನು ಏನು ಹೇಳಿದೆ? "ಸ್ವಲ್ಪ ದಿನ ರೆಸ್ಟ್ ತಗೋ, ನಾನು ನೋಡ್ಕೊತೀನಿ." ಅಷ್ಟೇ ಹೇಳಿದ್ದು ನಾನು.

ಮೊನ್ನೆ ಶುಕ್ರವಾರ ಈ ವರ್ಷದ ಕೊನೆಯ ಸಭೆ ಮತ್ತೆ ಇಲ್ಲೇ ನಡೆಯಿತು. ಮಕ್ಕಳು ಮನೆಗೆ ಹೋಗಿದ್ದರು. ಎಲಾದಿಯೊ ಮೇಷ್ಟ್ರು ಕನ್ನಡಕ ಏರಿಸಿಕೊಂಡು ನಡವಳಿ ಪುಸ್ತಕ ತಿರುವುತ್ತಾ ಆಗಸ್ಟ್ ತಿಂಗಳ ಪುಟದಲ್ಲಿ ನಿಂತರು.

"ಏನ್ರೀ ಎಡೆಲ್ಮಿರಾ ಮೇಡಂ, ಈ ಪುಟ ಯಾರು ಬರ್ದಿದ್ದು?"

"ನಾನೇ. ನನ್ನ ಅಕ್ಷರ ಗೊತ್ತಿಲ್ವಾ ನಿಮ್ಗೆ?"

"ಅಕ್ಷರ ಚೆನ್ನಾಗಿದೆ. ಸುಳ್ಳೂ ಚೆನ್ನಾಗಿದೆ. 'ಮಾರ್ಗದರ್ಶಿಯವರ ನೆರವಿನಿಂದ ತರಗತಿ ಯಶಸ್ವಿಯಾಯಿತು.' ಇನ್ನೊಂದ್ಸಲ ಓದ್ಲಾ?"

"ಮಕ್ಕಳು ಉತ್ತರ ಕೊಟ್ರಲ್ಲ."

"ಕೊಟ್ರು. ನೀವು ಅಷ್ಟೆಲ್ಲ ಬರ್ದಾದ್ಮೇಲೆ ನಮ್ಮನೆ ನಾಯಿನೂ ಕೊಡ್ತಿತ್ತು."

ನನಗೆ ಸಿಟ್ಟು ಬಂತು. "ಹಂಗಿದ್ರೆ ಅವತ್ತೇ ಹೇಳ್ಬೇಕಿತ್ತು. ಬಾಯ್ತುಂಬ ಮಿಲ್ಕಾವೊ ತುಂಬ್ಕೊಂಡು ಕೂತಿದ್ರಲ್ಲ, ಯಾರು ಬೇಡ ಅಂದ್ರು?" ಎಂದೆ.

ಅವರು ಕಷಾಯದ ಬುರುಡೆಯನ್ನು ಕೆಳಗಿಟ್ಟರು. "ಹೇಳ್ಬೇಕಿತ್ತು. ನನ್ನ ಕೆಲ್ಸದ ಮೊದಲ್ನೇ ವರ್ಷ ಇನ್‌ಸ್ಪೆಕ್ಟರು ನನ್ನ ಕೈಯಿಂದ ಸೀಮೆಸುಣ್ಣ ಹಿಂಗೇ ಕಿತ್ಕೊಂಡ್ರು. ಅವತ್ತು ಅಲ್ಲಿದ್ದೋರು ಯಾರೂ ತುಟಿ ಬಿಚ್ಲಿಲ್ಲ. ನಾನು ಎಂಟು ತಿಂಗಳು ಮಕ್ಕಳ ಮುಖ ನೋಡಿ ಪಾಠ ಮಾಡ್ಲಿಲ್ಲ, ಗೋಡೆ ನೋಡ್ಕೊಂಡು ಮಾಡ್ದೆ. ಆ ನಿಯಮ ಹಾಕ್ಸಿದ್ದು ಅದಕ್ಕೇ. ಆ ಹುಡುಗಿ ಸರದಿ ಬಂದಾಗ ನಾನೂ ಅವರ ಹಂಗೇ ರೊಟ್ಟಿ ತಿಂತಾ ಕೂತೆ."

ಅಷ್ಟರಲ್ಲಿ ಬಾಗಿಲು ತೆರೆದು ರೋಸೆಂದಾ ಬಂದಳು, ಅವಳ ತಾಯಿ ನಮಗೆಲ್ಲ ಬಿಸಿ ರೊಟ್ಟಿ ಕಳಿಸಿದ್ದಳು. ಎಲಾದಿಯೊ ಮೇಷ್ಟ್ರು ಅವಳನ್ನು ಹತ್ತಿರ ಕರೆದರು. "ಬಾರಮ್ಮಾ. ನೋಲ್ವಿಯಾ ಟೀಚರ್ ಆ ಕೊಳಗದ ಲೆಕ್ಕ ಕೇಳಿದ್ರಲ್ಲ, ಅವತ್ತು ನಿಂಗೆ ಉತ್ತರ ಗೊತ್ತಿರ್ಲಿಲ್ವಾ?"

ಅವಳು ರೊಟ್ಟಿಯ ಬಟ್ಟೆಯನ್ನೇ ನೋಡುತ್ತಾ ನಿಂತಳು. ನಾನು ಬಾಯಿ ತೆರೆದೆ. ಎಲಾದಿಯೊ ಮೇಷ್ಟ್ರು ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ನಾವು ಏಳು ಜನ ದೊಡ್ಡವರು ಎಂಟು ವರ್ಷದ ಆ ಹುಡುಗಿಗಾಗಿ ಕಾದೆವು. ಅದು ಎಷ್ಟು ಕಷ್ಟದ ಕೆಲಸವೆಂದು ನನಗೆ ಆಗ ತಿಳಿಯಿತು.

"ಒಂದೂವರೇಲಿ ಮೂರು ಅರ್ಧ ಇದೆ," ಎಂದಳು ಕೊನೆಗೆ. "ಮನೆಗೊಂದು ಅರ್ಧ. ನಾನು ಮನಸಲ್ಲೇ ಗಡ್ಡೆ ಹಾಕಿ ನೋಡ್ತಿದ್ದೆ. ಹೇಳೋಣ ಅಂತ ಕೈ ಎತ್ತೋಷ್ಟ್ರಲ್ಲಿ ನೀವು ಎದ್ರಿ ಟೀಚರ್."

"ಮೊದಲೇ ಹೇಳ್ಬಾರ್ದಿತ್ತಾ ಮಗು?" ಎಂದೆ.

"ಅವಸರ ಇರ್ಲಿಲ್ಲ. ನೋಲ್ವಿಯಾ ಟೀಚರ್ ಯಾವಾಗ್ಲೂ ಕಾಯ್ತಾರೆ. ನೀವು ಕಾಯಲ್ಲ," ಎಂದಳು. ದೂರಿನ ದನಿಯಲ್ಲ, ಇವತ್ತು ಗಾಳಿ ದಕ್ಷಿಣದ್ದು ಎಂದು ಹೇಳುವಷ್ಟು ಸಹಜವಾಗಿ. ರೊಟ್ಟಿ ಇಟ್ಟು ಹೋದಳು.

ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಅಷ್ಟು ಸರಿಯಾದ ವರದಿ ಬರೆದಿರಲಿಲ್ಲ. ನಾನು ಪ್ರಶ್ನೆ ಕೇಳುತ್ತೇನೆ, ಉತ್ತರವನ್ನೂ ನಾನೇ ಹೇಳುತ್ತೇನೆ, ಮಕ್ಕಳು ಕೊನೆಯ ಅಕ್ಷರ ಕೂಗುತ್ತಾರೆ, ನಾನು ಸಂತೋಷಪಡುತ್ತೇನೆ. ನೀನು ಆ ದಿನ ತಡವರಿಸಿ ನಿಂತಿರಲಿಲ್ಲ, ಪಾಠ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಆ ಮೂಕ ಹುಡುಗಿಗೆ, ತನಗಾಗಿ ಒಬ್ಬರು ಕಾಯುತ್ತಾರೆ ಎಂಬ ಧೈರ್ಯ ಕೊಟ್ಟಿದ್ದೆ. ನಾನದನ್ನು ಎರಡು ನಿಮಿಷದಲ್ಲಿ ಕಿತ್ತುಕೊಂಡೆ.

ಆಗಸ್ಟ್ ತಿಂಗಳ ಪುಟವನ್ನು ಅಲ್ಲೇ ತಿದ್ದಿದೆ. ಈಗ ಹೀಗಿದೆ: "ತರಗತಿ ಚೆನ್ನಾಗಿ ನಡೆಯುತ್ತಿತ್ತು. ಮಾರ್ಗದರ್ಶಿ ಎಡೆಲ್ಮಿರಾ ಕಾರ್ಕಮೊ ಎರಡನೆಯ ನಿಯಮವನ್ನು ಮುರಿದು ಅದನ್ನು ನಿಲ್ಲಿಸಿದರು. ತಪ್ಪು ಅವರದು." ಎಲ್ಲರೂ ಕೆಳಗೆ ಸಹಿ ಹಾಕಿದರು. ಅದರ ಪ್ರತಿಯನ್ನು ಮೇಲ್ವಿಚಾರಕರಿಗೂ ಕಳಿಸಿದ್ದೇನೆ. ನಿನ್ನ ಸಹಿಗೆ ಜಾಗ ಬಿಟ್ಟಿದೆ.

ಮಗಳೇ, ವಾಪಸ್ ಬಾ. ನನಗೋಸ್ಕರ ಬೇಡ. ನಿನಗೆ ಪಾಠ ಮಾಡಲು ಬರುವುದಿಲ್ಲ ಎಂಬುದು ನಿಜವಾಗಿದ್ದರೆ ಮೀನು ತುಂಬುತ್ತಾ ಸುಖವಾಗಿರು ಎಂದು ನಾನೇ ಹೇಳುತ್ತಿದ್ದೆ. ಅದು ನಿಜವಲ್ಲ. ಬಂದರೆ ಮೊದಲ ಸಭೆ ನಿನ್ನ ಶಾಲೆಯಲ್ಲೇ ಇಡುತ್ತೇವೆ. ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ನನ್ನ ಎರಡೂ ಕೈಗೆ ಒಂದೇ ಉಣ್ಣೆಯ ಚೀಲ ಹೆಣೆದು ತೊಡಿಸುತ್ತೇನೆ ಎಂದು ಎಲಾದಿಯೊ ಮೇಷ್ಟ್ರು ಹೇಳಿದ್ದಾರೆ. ನೂಲು ಆಗಲೇ ತಂದಿಟ್ಟಿದ್ದಾರಂತೆ, ಹಸಿರು ಬಣ್ಣದ್ದು.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಾಕ್ಸ್ ಒದ್ದೆಯಾದರೆ ತಕ್ಷಣ ಬದಲಿಸು. ಹಡಗುಗಳನ್ನು ಕಾಯುವ ಮಾತೆ ಮರಿಯಮ್ಮ ನಿನ್ನನ್ನೂ ಕಾಯಲಿ. ನಿನ್ನ ಕೈ ಹಿಡಿದದ್ದೆಲ್ಲ ಕೈಗೂಡಲಿ.

ಇಂತಿ ನಿನ್ನ
ಮದ್ರೀನಾ ಎಡೆಲ್ಮಿರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಬಂದರು ಎರಡು ಸಲ ಮುಚ್ಚಿದ್ದು ನಿಜ, ಆದರೆ ಎರಡೆರಡೇ ದಿನ. ಸೆಗುಂದೊ ಎಂಜಿನ್ನನ್ನು ಒಂದೇ ವಾರದಲ್ಲಿ ರಿಪೇರಿ ಮಾಡಿದ. ನನ್ನ ಮಣಿಕಟ್ಟಿಗೆ ಏನೂ ಆಗಿಲ್ಲ, ಪ್ರತಿದಿನ ಬೋರ್ಡ್ ತುಂಬ ಬರೆಯುತ್ತಿದ್ದೇನೆ. ಕಚೇರಿಯಿಂದ ಅಕ್ಟೋಬರ್‌ನಲ್ಲಿ ಬಂದದ್ದು ಒಂದು ಕಾಗದವಲ್ಲ, ಎರಡು. ಎರಡನೆಯದು ನನ್ನ ಹೆಸರಿಗೆ. ನೀನು ಬರದಿದ್ದರೆ ಮಾರ್ಚ್‌ನಿಂದ ಈ ಶಾಲೆ ನನ್ನದು.

ಪುಲ್ಕೆನ್ ದ್ವೀಪದ ನನ್ನ ಶಾಲೆಯಲ್ಲಿ ಎರಡೇ ಮಕ್ಕಳು ಉಳಿದಾಗ ಹೋದ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿ, ನನ್ನನ್ನು ಉಳಿದ ಏಳು ಶಾಲೆಗೆ ಮಾರ್ಗದರ್ಶಿ ಮಾಡಿದರು. ಬಡ್ತಿ ಎಂದು ಎಲ್ಲರೂ ಅಭಿನಂದಿಸಿದರು. ನೀನೂ ಹೂ ತಂದುಕೊಟ್ಟೆ. ಮಾರ್ಚ್‌ನಿಂದ ಆರು ತಿಂಗಳು ಬೇರೆಯವರ ಬೆಂಚಿನಲ್ಲಿ ಕೂತು ಬೇರೆಯವರ ಮಕ್ಕಳನ್ನು ನೋಡಿದೆ. "ಟೀಚರ್, ಇಲ್ನೋಡಿ" ಎಂದು ಒಂದು ಮಗುವೂ ನನ್ನ ಲಂಗದ ಅಂಚು ಜಗ್ಗಲಿಲ್ಲ. ಆಗಸ್ಟ್‌ನ ಆ ದಿನ ನಾನು ಎದ್ದದ್ದು ನಿನಗೆ ಸಹಾಯ ಮಾಡಲು ಅಲ್ಲ. ನನ್ನ ಕೈಗೆ ಆ ಸೀಮೆಸುಣ್ಣ ಬೇಕಿತ್ತು. ನೀನು ಹೋದ ಮೇಲೆ ಈ ಹನ್ನೊಂದು ವಾರ ಪ್ರತಿ ಬೆಳಿಗ್ಗೆ ಸಂತೋಷದಿಂದ ಎದ್ದಿದ್ದೇನೆ, ನೋಲ್ವಿಯಾ. ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ.

ನಿನ್ನ ಎರಡು ಸಾಲಿನ ಪತ್ರದಲ್ಲಿ ಕೇಳಿದ್ದೆ: ಮಕ್ಕಳು ಹೇಗಿದ್ದಾರೆ, ನನ್ನನ್ನು ಕೇಳುತ್ತಾರಾ. ದಿನಾ ಕೇಳುತ್ತಿದ್ದರು. ಅಕ್ಟೋಬರ್ 12ರಂದು ಒಂಬತ್ತು ಮಕ್ಕಳೂ ನಿನಗೆ ಪತ್ರ ಬರೆದರು. ರೋಸೆಂದಾ ಅದನ್ನೆಲ್ಲ ಉಣ್ಣೆ ದಾರದಲ್ಲಿ ಕಟ್ಟಿ, "ಟಪಾಲಿಗೆ ಹಾಕಿ" ಎಂದು ನನ್ನ ಕೈಗೆ ಕೊಟ್ಟಳು. ಹಾಕಿದೆ ಎಂದು ಅವಳಿಗೆ ಹೇಳಿದೆ. ಆರು ವಾರ ನಿನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಉತ್ತರ ಬರದೆ ಬರದೆ ಅವರು ಕೇಳುವುದನ್ನೇ ನಿಲ್ಲಿಸಿದರು. ದಾರ ಬಿಚ್ಚಿಲ್ಲ, ಹಾಗೆಯೇ ಇದರ ಜೊತೆ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಮಕ್ಕಳಿಗೆ ನಾನೇ ನಿಜ ಹೇಳುತ್ತೇನೆ.

ನನ್ನ ಹೆಸರಿನ ಕಾಗದವನ್ನು ಸಹಿ ಹಾಕದೆ ನಾಳೆಯ ಇದೇ ದೋಣಿಯಲ್ಲಿ ಕಚೇರಿಗೆ ವಾಪಸ್ ಕಳಿಸುತ್ತಿದ್ದೇನೆ. ನೀನು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಬರುವುದಾದರೆ ಪೋರ್ತೊ ಮೊಂತ್‌ನಿಂದ ಒಂದು ಪೆಟ್ಟಿಗೆ ಸೀಮೆಸುಣ್ಣ ತಾ. ಇಲ್ಲಿದ್ದದ್ದನ್ನೆಲ್ಲ ನಾನೇ ಮುಗಿಸಿದ್ದೇನೆ.